ಅಂಗಳದ ತರಗೆಲೆ ಕೆಲಸ ಹಗುರ ಮಾಡಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿ ಮುಗಿದು ಯುಗಾದಿ ಬರುವವರೆಗೆ ಮರವಿರುವ ಮನೆಗಳ ಅಂಗಳದಲ್ಲಿ ಎಲೆಯದೇ ಕಾರುಬಾರು. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನದ ಗಾಳಿಗೆ ಮತ್ತೆ ಅಷ್ಟೇ ಎಲೆ. ಚೀಲ ತುಂಬಿಸಿಟ್ಟರೆ ಒಯ್ಯುವವರು ಸಿಗುವುದಿಲ್ಲ. ಕೊನೆಗೆ ಮರದ ಮೇಲೇ ಸಿಟ್ಟು ಬರುತ್ತದೆ. ನಮ್ಮ ಕಡೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಕಂಡುಕೊಂಡ ವಿಷಯ ಒಂದೇ: ಎಲೆಯನ್ನು ದೂರ ಸಾಗಿಸಿದಷ್ಟೂ ಕೆಲಸ ಜಾಸ್ತಿ. ಬಿದ್ದ ಜಾಗದ ಹತ್ತಿರವೇ ಅದಕ್ಕೊಂದು ನೆಲೆ ಮಾಡಿಕೊಟ್ಟರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಈ ತಿಂಗಳುಗಳಲ್ಲೇ ಯಾಕೆ ಇಷ್ಟೊಂದು ಎಲೆ ಉದುರುತ್ತದೆ?

ಚಳಿ ದೇಶಗಳಲ್ಲಿ ಮರ ಎಲೆ ಉದುರಿಸುವುದು ಹಗಲು ಚಿಕ್ಕದಾಗಿ ಚಳಿ ಏರುವಾಗ. ನಮ್ಮಲ್ಲಿ ನೀರಿನದೇ ಮುಖ್ಯ ಲೆಕ್ಕ. ಮಳೆ ನಿಂತು ಮಣ್ಣು ಒಣಗುತ್ತಾ ಬಂದ ಹಾಗೆ, ಎಲೆಯಿಂದ ಆವಿಯಾಗಿ ಹೋಗುವ ನೀರನ್ನು ಉಳಿಸಲು ಮರ ಎಲೆ ಕಳಚುತ್ತದೆ. ಕಳಚುವ ಮೊದಲು ಸಾರಜನಕದಂಥ ಬೆಲೆಬಾಳುವ ಅಂಶಗಳಲ್ಲಿ ಸಾಕಷ್ಟನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಬೆಳೆದು ಎಲೆ ಸಡಿಲವಾಗುತ್ತದೆ. ಕೈಗೆ ಬರುವ ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಗೊಬ್ಬರದ ವಿಷಯ ಬಂದಾಗ ಇದು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ನಿಮ್ಮ ಮನೆಯ ಮರ ಯಾವುದು ಅಂತ ಗೊತ್ತಿದ್ದರೆ ಕೆಲಸವನ್ನು ಮೊದಲೇ ಯೋಜಿಸಬಹುದು. ಮಹಾಗನಿ ಕೆಲವೇ ವಾರಗಳಲ್ಲಿ ಪೂರ್ತಿ ಬೋಳಾಗಿ ತಕ್ಷಣ ಚಿಗುರುತ್ತದೆ. ಹೊಂಗೆ, ಬೇವು, ಅರಳಿ ಶಿವರಾತ್ರಿಯ ಆಸುಪಾಸಿನಲ್ಲಿ ಉದುರಿಸಿ ಯುಗಾದಿ ಹೊತ್ತಿಗೆ ಹೊಳೆಯುವ ಚಿಗುರು ಬಿಡುತ್ತವೆ. ಕಾಡು ಬಾದಾಮಿ ಎಲೆ ಕೆಂಪಾಗಿ ವರ್ಷಕ್ಕೆರಡು ಸಲ ಉದುರುತ್ತದೆ. ಮಾವು, ಹಲಸು ಯಾವಾಗಲೂ ಹಸಿರಾಗಿ ಕಂಡರೂ ವರ್ಷವಿಡೀ ಅಷ್ಟಷ್ಟು ಎಲೆ ಚೆಲ್ಲುತ್ತಲೇ ಇರುತ್ತವೆ.

ದಿನಾ ಗುಡಿಸಲೇಬೇಕಾ?

ಬೇಡ. ನೀರು ಹಾಕಿ ರಂಗೋಲಿ ಬಿಡುವಷ್ಟು ಜಾಗ, ಓಡಾಡುವ ದಾರಿ, ಗೇಟಿನ ಮುಂಭಾಗ. ಇಷ್ಟನ್ನು ದಿನಾ ಗುಡಿಸಿ. ಉಳಿದ ಅಂಗಳಕ್ಕೆ ವಾರಕ್ಕೊಮ್ಮೆ ಸಾಕು. ದಿನಾ ಇಡೀ ಅಂಗಳ ಗುಡಿಸಿದರೆ ಎಲೆಯ ಜೊತೆ ಮೇಲ್ಮಣ್ಣೂ ಹೋಗುತ್ತದೆ. ಹಳೆಯ ಮನೆಗಳ ಅಂಗಳದಲ್ಲಿ ಮರದ ಬೇರು ಎದ್ದು ಕಾಣುವುದಕ್ಕೆ ಇದೂ ಒಂದು ಕಾರಣ.

ಎರಡು ಕಡೆ ಮಾತ್ರ ತಡ ಮಾಡಬೇಡಿ. ಟೈಲ್ಸ್ ಹಾಕಿದ ಜಾಗದಲ್ಲಿ ಒದ್ದೆ ಎಲೆ ವಿಪರೀತ ಜಾರುತ್ತದೆ, ವಯಸ್ಸಾದವರಿರುವ ಮನೆಯಲ್ಲಿ ಅದು ದೊಡ್ಡ ಅಪಾಯ. ಹುಲ್ಲುಹಾಸಿನ ಮೇಲೆ ದಪ್ಪಗೆ ಕೂತರೆ ಬಿಸಿಲು ಸಿಗದೆ ಹುಲ್ಲು ಹಳದಿಯಾಗುತ್ತದೆ.

ಯಾವ ಪೊರಕೆ ಒಳ್ಳೆಯದು?

ಮಣ್ಣಿನ ಅಂಗಳಕ್ಕೆ ತೆಂಗಿನ ಕಡ್ಡಿ ಪೊರಕೆಯನ್ನು ಮೀರಿಸಿದ್ದು ನಾನು ನೋಡಿಲ್ಲ. ಕರಾವಳಿಯವರು ಹಿಡಿಸೂಡಿ ಅನ್ನುವುದೂ ಇದನ್ನೇ. ಆದರೆ ಗಿಡ್ಡ ಪೊರಕೆ ಹಿಡಿದು ಬಗ್ಗಿ ಗುಡಿಸುವುದೇ ಸೊಂಟನೋವಿನ ಮೂಲ. ಅದನ್ನು ಬಿದಿರಿನ ಕೋಲಿಗೆ ಬಿಗಿಯಾಗಿ ಕಟ್ಟಿ. ನೆಟ್ಟಗೆ ನಿಂತಾಗ ಕೋಲಿನ ತುದಿ ನಿಮ್ಮ ಭುಜದವರೆಗೆ ಬರಬೇಕು. ಕಟ್ಟುವ ಮೊದಲು ಕಡ್ಡಿಗಳ ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡಿಕೊಳ್ಳಿ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಎರಡು ಕಡೆ ಸುತ್ತಿದರೆ ಕಡ್ಡಿ ಕಳಚುವುದಿಲ್ಲ.

ಬೀಸಣಿಗೆ ಆಕಾರದ ರೇಕ್ ಈಗ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ. ತೇಗ, ಬಾದಾಮಿ, ಹಲಸಿನಂಥ ದೊಡ್ಡ ಎಲೆಗೆ ಅದು ಬಹಳ ಚೆನ್ನಾಗಿದೆ. ಗುಲ್‌ಮೊಹರ್, ಹುಣಸೆ, ಮಳೆಮರದ ಪುಡಿ ಎಲೆಗೆ ಉಪಯೋಗವಿಲ್ಲ, ಹಲ್ಲುಗಳ ಸಂದಿಯಲ್ಲಿ ಎಲ್ಲಾ ಜಾರಿಹೋಗುತ್ತದೆ. ಅವುಗಳಿಗೆ ಪೊರಕೆಯೇ ಬೇಕು.

ಸೊಂಟ ನೋಯದ ಹಾಗೆ ಬೇಗ ಮುಗಿಸುವ ಕ್ರಮ ಯಾವುದು?

ಹೊತ್ತು ಮೊದಲು. ಬೆಳಗಿನ ಇಬ್ಬನಿ ಅರ್ಧ ಆರಿರುವಾಗ ಗುಡಿಸಿ. ಎಲೆ ಸ್ವಲ್ಪ ಮೆತ್ತಗಿರುತ್ತದೆ, ಹಾರುವುದಿಲ್ಲ, ದೂಳೂ ಏಳುವುದಿಲ್ಲ. ಬಯಲುಸೀಮೆಯಲ್ಲಿ ಇಬ್ಬನಿ ಇಲ್ಲದಿದ್ದರೆ ಒಂದು ಚೊಂಬು ನೀರು ಚಿಮುಕಿಸಿಕೊಳ್ಳಿ. ಗಾಳಿ ಎತ್ತ ಬೀಸುತ್ತಿದೆಯೋ ಅತ್ತಲೇ ಗುಡಿಸಿ. ಗಾಳಿಗೆ ಎದುರಾಗಿ ಗುಡಿಸಿದರೆ ಸುಮ್ನೆ ದಣಿವು.

ಮುಖ್ಯವಾದ ಉಪಾಯ ಹಳೆಯ ಬೆಡ್‌ಶೀಟ್ ಅಥವಾ ಟಾರ್ಪಾಲಿನ್. ಬಹಳ ಜನ ಮೊದಲು ಗುಡ್ಡೆ ಮಾಡುತ್ತಾರೆ, ಆಮೇಲೆ ಗುಡ್ಡೆಯಿಂದ ಬುಟ್ಟಿಗೆ, ಬುಟ್ಟಿಯಿಂದ ಚೀಲಕ್ಕೆ ತುಂಬುತ್ತಾರೆ. ಒಂದೇ ಎಲೆಯನ್ನು ಮೂರು ಸಲ ಮುಟ್ಟಿದ ಹಾಗಾಯಿತು. ಅದರ ಬದಲು ಆರಡಿ ಚೌಕದ ಬಟ್ಟೆಯನ್ನು ನೆಲಕ್ಕೆ ಹಾಸಿ. ನಿಮ್ಮ ಕಡೆಯ ಅಂಚಿನ ಮೇಲೆ ಕಲ್ಲಿಡಿ. ಎಲೆಯನ್ನು ಸೀದಾ ಅದರ ಮೇಲಕ್ಕೇ ಗುಡಿಸಿ. ತುಂಬಿದಾಗ ನಾಲ್ಕೂ ಮೂಲೆ ಒಟ್ಟು ಹಿಡಿದು ಎಳೆದುಕೊಂಡು ಹೋಗಿ. ಎತ್ತಬೇಡಿ, ಎಳೆಯಿರಿ. ಎಲೆ ಹಗುರ ಅನ್ನಿಸಿದರೂ ಒದ್ದೆ ಎಲೆಯ ಮೂಟೆ ಎತ್ತುವಾಗಲೇ ಸೊಂಟ ಹಿಡಿಯುವುದು. ಉತ್ತರ ಕನ್ನಡದ ತೋಟದವರು ದರಕು, ಅಂದರೆ ಉದುರಿದ ಒಣ ಎಲೆ, ತುಂಬಲು ಹಗ್ಗದ ಬಲೆಯಂಥ ಕಲ್ಲಿ ಬಳಸುತ್ತಿದ್ದರು. ಅದರಲ್ಲೂ ಇದೇ ಜಾಣತನ ಇದೆ.

ಚೀಲಕ್ಕೇ ತುಂಬಬೇಕಾದರೆ ತಳ ಒಡೆದ ಪ್ಲಾಸ್ಟಿಕ್ ಬಕೆಟ್ ಒಂದನ್ನು ಚೀಲದ ಬಾಯಿಗೆ ತೂರಿಸಿ. ಬಾಯಿ ತೆರೆದೇ ನಿಲ್ಲುತ್ತದೆ, ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಿಲ್ಲ.

ಗಾಳಿ ಊದಿ ಎಲೆ ಸರಿಸುವ ಬ್ಲೋವರ್ ತಗೊಳ್ಳಬಹುದಾ?

ಉದ್ದನೆಯ ಕಾಂಕ್ರೀಟ್ ದಾರಿ ಇರುವ ದೊಡ್ಡ ಆವರಣಕ್ಕಾದರೆ ಬ್ಯಾಟರಿಯದ್ದು ತಗೊಳ್ಳಿ. ಮಣ್ಣಿನ ಅಂಗಳಕ್ಕೆ ಬೇಡವೇ ಬೇಡ. ಎಲೆಗಿಂತ ಮೊದಲು ಮಣ್ಣು ಹಾರುತ್ತದೆ, ಅದು ಅಕ್ಕಪಕ್ಕದವರ ಮನೆಯೊಳಗೆ ಹೋಗುತ್ತದೆ. ಆಸ್ತಮಾ ಇರುವವರ ಪಾಡು ಯೋಚಿಸಿ.

ಗುಡಿಸಿದ ಎಲೆ ಎಲ್ಲಿ ಹಾಕಬೇಕು?

ಮೊದಲ ಆಯ್ಕೆ ಗಿಡದ ಬುಡ. ಮೂರು ನಾಲ್ಕು ಅಂಗುಲ ದಪ್ಪಕ್ಕೆ ಎಲೆ ಹೊದಿಸಿ. ಕಾಂಡದ ಸುತ್ತ ಒಂದು ಗೇಣು ಜಾಗ ಬಿಡಿ, ಇಲ್ಲದಿದ್ದರೆ ತೇವ ಕೂತು ತೊಗಟೆ ಕೊಳೆಯುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಈ ಹೊದಿಕೆಯ ಬೆಲೆ ಗೊತ್ತಾಗುತ್ತದೆ. ಹೊದಿಸದ ಮಣ್ಣು ಮಧ್ಯಾಹ್ನಕ್ಕೆ ಬಿರುಕು ಬಿಟ್ಟಿರುತ್ತದೆ. ಹೊದಿಸಿದ ಕಡೆ ಎಲೆ ಸರಿಸಿ ಬೆರಳಿಟ್ಟು ನೋಡಿ, ಒಳಗೆ ತಂಪಾಗಿ ತೇವ ಇರುತ್ತದೆ. ನೀರು ಹಾಕುವ ಕೆಲಸವೂ ಕಡಿಮೆ, ಕಳೆಯೂ ಕಡಿಮೆ.

ಗಿಡದ ಬುಡಕ್ಕೆ ಹಾಕಿ ಮಿಕ್ಕಿದ್ದಕ್ಕೆ ಮರದ ಪಕ್ಕದಲ್ಲೇ ಒಂದು ಜಾಲರಿ ಗೂಡು ಮಾಡಿ. ಇದಕ್ಕೆ ಕಾರ್ಪೆಂಟರ್ ಬೇಕಾಗಿಲ್ಲ. ನಾಲ್ಕಡಿ ಎತ್ತರದ ಕೋಳಿ ಜಾಲರಿ ಹತ್ತಡಿ ತನ್ನಿ. ದುಂಡಗೆ ಸುತ್ತಿ ಅಂಚನ್ನು ತಂತಿಯಲ್ಲಿ ಹೊಲಿಯಿರಿ. ಮೂರಡಿ ಅಗಲದ ಗೂಡು ಸಿದ್ಧ. ಅಲುಗಾಡದ ಹಾಗೆ ಎರಡು ಗೂಟ ನೆಡಿ. ತಳಕ್ಕೆ ಏನೂ ಬೇಡ, ಎಲೆ ಮಣ್ಣಿಗೆ ತಾಗಿದರೆ ಎರೆಹುಳ ತಾನಾಗಿ ಮೇಲೆ ಬರುತ್ತದೆ. ಎಲೆ ಹಾಕಿ, ಕಾಲಲ್ಲಿ ತುಳಿದು, ಮತ್ತೆ ಹಾಕಿ. ಇವತ್ತು ಕಂಠಪೂರ್ತಿ ತುಂಬಿದ್ದು ಕೆಲವೇ ದಿನಗಳಲ್ಲಿ ಕುಸಿದು ಮತ್ತೆ ಜಾಗ ಕೊಡುತ್ತದೆ. ಗೂಡು ಮರದ ಹತ್ತಿರವೇ ಇರಲಿ. ಹಿತ್ತಲ ಮೂಲೆಯಲ್ಲಿಟ್ಟರೆ ಅಲ್ಲಿಯವರೆಗೆ ಎಲೆ ಹೊರುವುದೇ ಒಂದು ಕೆಲಸವಾಗುತ್ತದೆ.

ಗುಂಡಿ ತೋಡಬೇಕಾ ಅಂತ ಕೇಳುವವರಿದ್ದಾರೆ. ಬಯಲುಸೀಮೆಯಲ್ಲಿ ಗುಂಡಿ ಒಳ್ಳೆಯದೇ, ತೇವ ಉಳಿಯುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೂನ್ ಬಂದರೆ ಗುಂಡಿ ಕೆರೆಯಾಗುತ್ತದೆ. ಅಲ್ಲಿ ನೆಲದ ಮೇಲಿನ ಗೂಡೇ ಸರಿ.

ನೋಡಿ ಕಲಿಯಬೇಕು ಅನ್ನುವ ಬೆಂಗಳೂರಿನವರು ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋಗಿ ಬನ್ನಿ. ಬಗೆಬಗೆಯ ಗೊಬ್ಬರದ ತೊಟ್ಟಿಗಳು ಒಂದೇ ಕಡೆ ನೋಡಲು ಸಿಗುತ್ತವೆ.

ಎಲೆ ಹಾಕಿ ತಿಂಗಳುಗಟ್ಟಲೆ ಆಯಿತು, ಹಾಗೇ ಇದೆ. ಗೊಬ್ಬರ ಆಗ್ತಾನೇ ಇಲ್ಲ. ಯಾಕೆ?

ಹತ್ತರಲ್ಲಿ ಒಂಬತ್ತು ಸಲ ಕಾರಣ ನೀರು. ನಮ್ಮ ಬೇಸಿಗೆಯಲ್ಲಿ ರಾಶಿ ಒಳಗಿನಿಂದಲೇ ಒಣಗಿರುತ್ತದೆ. ಮೇಲಿಂದ ಬಕೆಟ್ ಸುರಿದರೆ ನೀರು ಎಲೆಯ ಮೇಲೆ ಜಾರಿ ಕೆಳಗೆ ಹೋಗುತ್ತದೆ, ಒಳಗೆ ಇಳಿಯುವುದೇ ಇಲ್ಲ. ಆದ್ದರಿಂದ ತುಂಬುವಾಗಲೇ ಒಂದೊಂದು ಪದರಕ್ಕೂ ನೀರು ಚಿಮುಕಿಸುತ್ತಾ ಬನ್ನಿ. ಪರೀಕ್ಷೆ ಸುಲಭ: ರಾಶಿಯ ಒಳಗಿನ ಎಲೆಯನ್ನು ಉದ್ದ ಕಡ್ಡಿಯಿಂದ ಹೊರಗೆ ಎಳೆದು ಮುಷ್ಟಿಯಲ್ಲಿ ಹಿಂಡಿ. ಒಂದೆರಡು ಹನಿ ಬಂದರೆ ಸರಿಯಾಗಿದೆ. ಧಾರೆ ಸುರಿದರೆ ಜಾಸ್ತಿಯಾಯಿತು. ಪುಡಿಪುಡಿಯಾದರೆ ನೀರು ಸಾಲದು.

ಎರಡನೆಯ ಕಾರಣ ಸಾರಜನಕ. ಒಣ ಎಲೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 50 ಪಾಲು ಇಂಗಾಲ ಇರುತ್ತದೆ, ಕೆಲವು ಎಲೆಗಳಲ್ಲಿ ಇನ್ನೂ ಹೆಚ್ಚು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹಿತವಾದ ಪ್ರಮಾಣ 25ರಿಂದ 30. ಕೊರತೆ ತುಂಬಲು ಸಗಣಿ ಕದಡಿದ ನೀರು ಅತಿ ಸುಲಭದ ದಾರಿ. ಅದು ಸಿಗದಿದ್ದರೆ ಅಡುಗೆಮನೆಯ ಹಸಿ ಕಸ, ಕತ್ತರಿಸಿದ ಹಸಿ ಹುಲ್ಲು, ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು ಹಾಕಿ. ಹೊಂಗೆಯ ಹಸಿ ಸೊಪ್ಪೂ ಆಗುತ್ತದೆ. ಗದ್ದೆಗೆ ಹೊಂಗೆ ಸೊಪ್ಪು ತುಳಿಯುವ ರೂಢಿ ಬಂದದ್ದೂ ಅದರಲ್ಲಿ ಸಾರಜನಕ ಚೆನ್ನಾಗಿರುವುದರಿಂದಲೇ.

ಮೂರನೆಯದು ರಾಶಿಯ ಗಾತ್ರ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರಕ್ಕಿಂತ ಚಿಕ್ಕದಿದ್ದರೆ ರಾಶಿ ಒಳಗೆ ಬಿಸಿಯಾಗುವುದು ಕಷ್ಟ. ಚೆನ್ನಾಗಿ ಕೂಡಿದ ರಾಶಿಯ ನಡುವೆ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒಂದು ಕಬ್ಬಿಣದ ಸರಳು ಚುಚ್ಚಿಟ್ಟು ಸ್ವಲ್ಪ ಹೊತ್ತಿನ ಮೇಲೆ ಎಳೆದು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.

ಸಗಣಿ ನೀರು ಹಾಕಿ ಎರಡು ವಾರಕ್ಕೊಮ್ಮೆ ತಿರುವಿದರೆ ಮೂರು ನಾಲ್ಕು ತಿಂಗಳಿಗೆ ಕಪ್ಪು ಗೊಬ್ಬರ ಕೈಗೆ ಬರುತ್ತದೆ. ಅಷ್ಟು ಶ್ರಮ ಬೇಡ ಅನ್ನಿಸಿದರೆ ತೇವ ಮಾತ್ರ ನೋಡಿಕೊಂಡು ಬಿಟ್ಟುಬಿಡಿ. ಮಳೆಗಾಲ ಕಳೆಯುವ ಹೊತ್ತಿಗೆ ಶಿಲೀಂಧ್ರಗಳೇ ಅದನ್ನು ಮೆತ್ತನೆಯ ಎಲೆಮಣ್ಣು ಮಾಡಿರುತ್ತವೆ. ನನಗೆ ಈ ಎರಡನೆಯ ದಾರಿಯೇ ಇಷ್ಟ. ಕುಂಡದ ಮಣ್ಣಿಗೆ ಬೆರೆಸಲು ಎಲೆಮಣ್ಣಿನಷ್ಟು ಒಳ್ಳೆಯದು ಇನ್ನೊಂದಿಲ್ಲ, ಅದೂ ಖರ್ಚಿಲ್ಲದೆ.

ಎಲ್ಲಾ ಎಲೆಯನ್ನೂ ಹಾಕಬಹುದಾ?

ಹೆಚ್ಚುಕಮ್ಮಿ ಎಲ್ಲವನ್ನೂ. ನೀಲಗಿರಿ ಎಲೆಯಲ್ಲಿ ಬೀಜ ಮೊಳೆಯುವುದನ್ನು ತಡೆಯುವ ಅಂಶಗಳಿವೆ, ಅದನ್ನು ಬೇರೆ ರಾಶಿ ಹಾಕಿ ಪೂರ್ತಿ ಕೊಳೆತ ಮೇಲೆ ಬಳಸಿ. ಮಾವು, ಹಲಸಿನ ಎಲೆ ದಪ್ಪ, ನಿಧಾನ. ದಾರಿಯಲ್ಲಿ ಹರಡಿ ನಾಲ್ಕು ದಿನ ತುಳಿದಾಡಿದರೆ ಮುರಿದು ಚೂರಾಗುತ್ತದೆ, ಬೇಗ ಕೊಳೆಯುತ್ತದೆ. ರೋಗ ಬಂದ ಗಿಡದ ಎಲೆ ಒಳಗೆ ಬಿಸಿಯಾಗದ ತಣ್ಣನೆಯ ರಾಶಿಗೆ ಬೇಡ. ತೆಂಗಿನ ಗರಿ ಗೂಡಿಗೆ ಹಿಡಿಸುವುದಿಲ್ಲ, ಕತ್ತರಿಸಿ ತೆಂಗಿನ ಬುಡದ ಕಟ್ಟೆಗೇ ಹಾಸಿಬಿಡಿ.

ಗೆದ್ದಲು ಬರಲ್ವಾ?

ಒಣ ರಾಶಿಗೆ ಬರುತ್ತದೆ. ತೇವ ಇಟ್ಟು ಆಗಾಗ ಕೆದಕುವ ರಾಶಿಗೆ ಬರುವುದು ಕಡಿಮೆ. ಬಂದರೂ ಅದು ಸತ್ತ ಎಲೆಯನ್ನು ತಿಂದು ಮಣ್ಣು ಮಾಡುತ್ತಿದೆ ಅಷ್ಟೇ. ಮನೆಯ ಗೋಡೆ, ಬಾಗಿಲ ಚೌಕಟ್ಟಿಗೆ ತಾಗಿಸಿ ಮಾತ್ರ ಎಲೆ ರಾಶಿ ಹಾಕಬೇಡಿ.

ಎಲೆ ರಾಶಿಯಲ್ಲಿ ಹಾವು ಸೇರಿಕೊಳ್ಳುತ್ತದೆ ಅಂತ ಮನೆಯವರು ಹೆದರುತ್ತಾರೆ.

ಆ ಹೆದರಿಕೆ ಸರಿಯಾದದ್ದೇ. ಕೊಳಕುಮಂಡಲದ ಬಣ್ಣ ಒಣ ಎಲೆಯಲ್ಲಿ ಪೂರ್ತಿ ಬೆರೆತುಹೋಗುತ್ತದೆ, ಅದು ಜಾಗ ಬಿಟ್ಟು ಓಡುವ ಹಾವೂ ಅಲ್ಲ. ಚೇಳು, ಜರಿಯೂ ಇರುತ್ತವೆ. ರಾಶಿಗೆ ಬರಿಗೈ ಹಾಕಬೇಡಿ. ಮೊದಲು ಉದ್ದ ಕೋಲಿನಿಂದ ಕೆದಕಿ, ಸ್ವಲ್ಪ ಹೊತ್ತು ಬಿಡಿ. ಕಾಲಿಗೆ ಮುಚ್ಚಿದ ಶೂ ಇರಲಿ, ಹವಾಯಿ ಚಪ್ಪಲಿ ಬೇಡ. ಕತ್ತಲಾದ ಮೇಲೆ ಎಲೆ ಕೆಲಸ ಬೇಡವೇ ಬೇಡ. ಗೂಡಿನ ಪಕ್ಕ ಇಟ್ಟಿಗೆ, ಸೌದೆ, ಹಳೆ ಸಾಮಾನು ಪೇರಿಸಬೇಡಿ. ಇಲಿ ಸೇರಿದರೆ ಹಾವು ಹಿಂದೆಯೇ ಬರುತ್ತದೆ. ಕಚ್ಚಿದರೆ ಕುಯ್ಯುವುದು, ಕಟ್ಟುವುದು, ನಾಟಿ ಔಷಧ ಯಾವುದೂ ಬೇಡ. ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮದು ಮಲೆನಾಡು. ಕಾಡಿನಿಂದ ದರಕು ತಂದು ಕೊಟ್ಟಿಗೆಗೆ ಹಾಕುತ್ತೇವೆ. ಏನಾದರೂ ತೊಂದರೆ ಇದೆಯಾ?

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ರಕ್ತ ಹೀರುವ ಉಣುಗಿನಿಂದ (ಉಣ್ಣೆ). ಮರಿ ಉಣುಗುಗಳು ಕಾಡಿನ ನೆಲದ ಒಣ ಎಲೆಯಲ್ಲಿ ತುಂಬಿಕೊಳ್ಳುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ದರಕು ಗುಡಿಸುವ ಕಾಲವೂ ಅದೇ. ಸೊಪ್ಪಿನಬೆಟ್ಟ (ಸೊಪ್ಪು, ದರಕು ತರಲು ತೋಟದವರಿಗೆ ಬಿಟ್ಟ ಕಾಡು) ನಂಬಿಕೊಂಡ ಅಡಿಕೆ ತೋಟದವರಿಗೆ ದರಕು ಇಲ್ಲದೆ ಗೊಬ್ಬರವಿಲ್ಲ, ನನಗೆ ಗೊತ್ತು. ಆದರೂ ನಿಮ್ಮ ಊರಿನ ಸುತ್ತ ಕಾಯಿಲೆ ಕಾಣಿಸಿಕೊಂಡಿದ್ದರೆ, ಮಂಗ ಸತ್ತ ಸುದ್ದಿ ಬಂದಿದ್ದರೆ, ಆ ಹಂಗಾಮಿನಲ್ಲಿ ಕಾಡಿನ ಎಲೆ ಮನೆಗೆ ತರಬೇಡಿ. ಮನೆ ಪಕ್ಕ ರಾಶಿ ಹಾಕಲೂ ಬೇಡಿ. ಹೋಗಲೇಬೇಕಾದರೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ. ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಆಮೇಲೆ ಜೋರು ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಬೆಂಕಿ ಹಾಕಿದರೆ ಐದು ನಿಮಿಷದ ಕೆಲಸ ಅಲ್ವಾ?

ಐದು ನಿಮಿಷದಲ್ಲಿ ಮುಗಿಯುವುದಿಲ್ಲ. ಅರೆತೇವದ ಎಲೆ ಗಂಟೆಗಟ್ಟಲೆ ಹೊಗೆಯಾಡುತ್ತದೆ. ಆ ಹೊಗೆಯ ಸಣ್ಣ ಕಣಗಳು ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. ಮಕ್ಕಳು, ವಯಸ್ಸಾದವರು ಕೆಮ್ಮುವುದನ್ನು ಕೇಳಿಯೂ ಕಡ್ಡಿ ಗೀರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಉಳಿಯುವುದು ಬೂದಿ. ಅದರಲ್ಲಿ ಪೊಟ್ಯಾಷ್ ಇರುತ್ತದೆ ನಿಜ, ಮಣ್ಣಿಗೆ ಬೇಕಾದ ಇಂಗಾಲ, ಸಾರಜನಕ ಎರಡೂ ಹೊಗೆಯಾಗಿ ಹೋಗಿರುತ್ತವೆ. ಫೆಬ್ರವರಿಯ ಗಾಳಿಯಲ್ಲಿ ಕಿಡಿ ಎಲ್ಲಿಗೆ ಹಾರುತ್ತದೋ ಹೇಳಲಾಗದು.

ಕಾನೂನೂ ಒಪ್ಪುವುದಿಲ್ಲ. ರಸ್ತೆಯಲ್ಲಿ, ಸಾರ್ವಜನಿಕ ಜಾಗದಲ್ಲಿ, ಚರಂಡಿಯಲ್ಲಿ ಕಸ ಎಸೆಯುವಂತಿಲ್ಲ, ಸುಡುವಂತಿಲ್ಲ, ಹೂಳುವಂತಿಲ್ಲ ಅಂತ 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳೇ ಹೇಳಿದ್ದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿತು.

ಕರಾವಳಿಯವರು ಸುಡುಮಣ್ಣಿನ ಬಗ್ಗೆ ಕೇಳುತ್ತಾರೆ. ಎಲೆ, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಬೇಯಿಸುವ ಆ ಪದ್ಧತಿಯಲ್ಲಿ ಕಳೆಬೀಜ, ಕೀಟ ಸಾಯುತ್ತವೆ, ಮಲ್ಲಿಗೆ, ತರಕಾರಿಗೆ ಹಾಕುವವರಿದ್ದಾರೆ. ವಿಶಾಲ ತೋಟದ ಪದ್ಧತಿ ಅದು. ಒತ್ತೊತ್ತಾಗಿ ಮನೆಗಳಿರುವ ಊರಲ್ಲಿ ಬೇಡ.

ಪಕ್ಕದ ಮನೆಯ ಮರದ ಎಲೆ ನಮ್ಮ ಅಂಗಳಕ್ಕೆ ಬೀಳುತ್ತದೆ. ಕಡಿಸಿಬಿಡಿ ಅನ್ನಬಹುದಾ?

ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಜಾಗದ ಮರವಾದರೂ ಹೆಚ್ಚಿನ ಜಾತಿಗಳಿಗೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾನೂನು ಬದಿಗಿರಲಿ, ಉದುರುವುದು ಕೆಲವು ವಾರ, ನೆರಳು ಇಡೀ ಬೇಸಿಗೆ. ಮಾತಾಡಿ ನೋಡಿ. ಎರಡು ಮನೆಗೂ ಸೇರಿ ಒಂದೇ ಗೂಡು, ಗೊಬ್ಬರದಲ್ಲಿ ಅರ್ಧ ಪಾಲು ಅಂದರೆ ಬೇಡ ಅನ್ನುವವರು ಕಡಿಮೆ.

ಚಾವಣಿ, ಮಳೆನೀರಿನ ಪೈಪು ಯಾವಾಗ ಸ್ವಚ್ಛ ಮಾಡಬೇಕು?

ಮಾವಿನ ಮಳೆ ಬರುವ ಮೊದಲು, ಅಂದರೆ ಮಾರ್ಚ್ ಮುಗಿಯುವುದರೊಳಗೆ. ಮರ ಪೂರ್ತಿ ಚಿಗುರಿದ ಮೇಲೆ ಒಂದೇ ಸಲ ಮಾಡಿ, ನಡುವೆ ಹತ್ತಿ ಇಳಿಯಬೇಡಿ. ಪೈಪಿನ ಬಾಯಿಗೆ ಜಾಲರಿ ಹಾಕಿ. ಮಳೆಕೊಯ್ಲು ಇರುವ ಮನೆಯಲ್ಲಿ ಮೊದಲ ಮಳೆಯ ನೀರನ್ನು ಹೊರಗೆ ಬಿಡಿ, ಎಲೆ ನೆನೆದ ಆ ಕಂದು ನೀರು ನೀರಿನ ಸಂಪ್‌ಗೆ ಇಳಿಯಬಾರದು. ಎಲೆ ಕಟ್ಟಿಕೊಂಡು ನೀರು ನಿಂತರೆ ಡೆಂಗಿ ಸೊಳ್ಳೆ ಬೆಳೆಯಲು ಒಂದು ವಾರ, ಹತ್ತು ದಿನ ಸಾಕು.

ನಾವು ಅಮೆರಿಕದಲ್ಲಿದ್ದೇವೆ. ಅಕ್ಟೋಬರ್, ನವೆಂಬರ್‌ನಲ್ಲಿ ಮೇಪಲ್, ಓಕ್ ಎಲೆ ಮೊಣಕಾಲುದ್ದ ಬೀಳುತ್ತದೆ. ಈ ಉಪಾಯ ಅಲ್ಲಿಗೂ ಆಗುತ್ತದಾ?

ಟಾರ್ಪಾಲಿನ್, ಜಾಲರಿ ಗೂಡು ಎರಡೂ ಆಗುತ್ತವೆ. ಅಲ್ಲಿ ನಿಮಗೆ ಇನ್ನೊಂದು ಅನುಕೂಲ ಇದೆ, ಹುಲ್ಲು ಕತ್ತರಿಸುವ ಯಂತ್ರ. ಎಲೆ ಒಣಗಿರುವಾಗ ಅದರ ಮೇಲೇ ಎರಡು ಸಲ ಓಡಿಸಿ. ಚೂರಾದ ಎಲೆ ಹುಲ್ಲಿನ ಸಂದಿಗೆ ಇಳಿದು ಅಲ್ಲೇ ಗೊಬ್ಬರವಾಗುತ್ತದೆ. ಹೀಗೆ ಮಾಡಿದರೆ ಹುಲ್ಲಿಗೆ ಹಾನಿಯಿಲ್ಲ ಅಂತ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ತೋರಿಸಿದ್ದಾರೆ. ಪೊದೆಗಳ ಕೆಳಗಿನ ಎಲೆ ಹಾಗೇ ಬಿಡಿ, ಎಷ್ಟೋ ಪತಂಗ, ಮಿಂಚುಹುಳಗಳು ಚಳಿಗಾಲ ಕಳೆಯುವುದು ಅದರಡಿಯಲ್ಲೇ. ಕಪ್ಪು ವಾಲ್‌ನಟ್ ಎಲೆಯನ್ನು ಟೊಮ್ಯಾಟೊ ಮಡಿಗೆ ಹಾಕಬೇಡಿ. ರಸ್ತೆ ಬದಿಗೆ ಎಲೆ ಇಡುವ ದಿನ ಒಂದೊಂದು ಊರಿಗೂ ಬೇರೆ, ನಿಮ್ಮ ಟೌನ್‌ಶಿಪ್‌ನ ವೇಳಾಪಟ್ಟಿ ನೋಡಿಕೊಳ್ಳಿ.

ನಮಗೆ ಅಂಗಳವೇ ಇಲ್ಲ, ಬಾಲ್ಕನಿ ಅಷ್ಟೇ. ಎಲೆಯಿಂದ ನಮಗೇನು ಪ್ರಯೋಜನ?

ಅಡುಗೆಮನೆಯ ಕಸದಿಂದ ಗೊಬ್ಬರ ಮಾಡುವವರಿಗೆ ಒಣ ಎಲೆ ಬೇಕೇ ಬೇಕು. ಒಂದು ಪದರ ಹಸಿ ಕಸ, ಅದರ ಎರಡರಷ್ಟು ಪುಡಿ ಎಲೆ. ಹೀಗೆ ಹಾಕಿದರೆ ವಾಸನೆ ಬರುವುದಿಲ್ಲ, ಹುಳ ಕಡಿಮೆ. ತೊಂದರೆ ಬರುವುದು ಜೂನ್‌ನಲ್ಲಿ. ಮಳೆ ಶುರುವಾದ ಮೇಲೆ ಒಣ ಎಲೆ ಎಲ್ಲೂ ಸಿಗುವುದಿಲ್ಲ, ಜನ ದುಡ್ಡು ಕೊಟ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತರುತ್ತಾರೆ. ಆದ್ದರಿಂದ ಫೆಬ್ರವರಿಯಲ್ಲೇ ಅಪಾರ್ಟ್‌ಮೆಂಟಿನ ಮರದ ಕೆಳಗಿನ ಎಲೆ ತುಂಬಿಟ್ಟುಕೊಳ್ಳಿ. ಎರಡು ದಿನ ಬಿಸಿಲಿಗೆ ಹರಡಿ ಗರಿಗರಿ ಒಣಗಿಸಿ. ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಕಾಲಲ್ಲಿ ತುಳಿದರೆ ಒಳಗೇ ಪುಡಿಯಾಗುತ್ತದೆ, ನಾಲ್ಕು ಚೀಲದ ಎಲೆ ಒಂದಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಒಲೆ, ಸಿಲಿಂಡರ್, ವಿದ್ಯುತ್ ಮೀಟರ್ ಇರುವ ಜಾಗದಿಂದ ದೂರ ಇರಲಿ.